ಕಾಲನಿಯತ ಕಾರ್ಯಗಳು ತಪ್ಪಿದಾಗ: ಕ್ರಾನ್ ವ್ಯವಸ್ಥೆಯ ಲೋಪಶೋಧನೆ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಕಂಪ್ಯೂಟರಿನ ಒಳಾಡಳಿತವನ್ನು ಕುರಿತ ಲೇಖನವೊಂದು ಕಾಣಿಸಿಕೊಳ್ಳುವುದು ಕೆಲವು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಶಾಸನಗಳ ಪಡಿಯಚ್ಚು, ಓಲೆಗರಿ, ಕಡತ, ಕಾಗದಪತ್ರ ಇವುಗಳ ಪ್ರತಿಕೃತಿಗಳು ಇಂದು ಬಹುಮಟ್ಟಿಗೆ ಸರ್ವರುಗಳಲ್ಲಿಯೇ ಶೇಖರವಾಗುತ್ತಿವೆ. ಗೆದ್ದಲು, ಮಳೆ, ಬೆಂಕಿಗಳ ಸ್ವಭಾವವನ್ನರಿಯದೆ ಪತ್ರಾಗಾರವನ್ನು ಕಾಯುವುದು ಹಿಂದೆ ಹೇಗೆ ಅಸಾಧ್ಯವಾಗಿತ್ತೋ, ಹಾಗೆಯೇ ಈ ಯಂತ್ರಗಳು ಯಾವ ರೀತಿಯಲ್ಲಿ ತಪ್ಪುತ್ತವೆಂಬುದನ್ನರಿಯದೆ ನಮ್ಮ ಆಕರಗಳನ್ನು ಕಾಯುವುದು ಇಂದು ಅಸಾಧ್ಯ. ಗೊತ್ತಾದ ವೇಳೆಗೆ ತಾನಾಗಿಯೇ ನಡೆಯಬೇಕಾದ ಕಾರ್ಯವೊಂದು ನಡೆಯದೆ ಹೋದರೆ ಅದರ ಕಾರಣವನ್ನು ಯಾವ ಕ್ರಮದಿಂದ ಶೋಧಿಸಬೇಕೆಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ. ನಾವು ಯಂತ್ರಶಾಸ್ತ್ರದ ಪಂಡಿತರಲ್ಲ; ನಷ್ಟವನ್ನನುಭವಿಸಿ ಕಲಿತವರು. ಆದಕಾರಣ ಆ ನಷ್ಟದ ವೃತ್ತಾಂತದಿಂದಲೇ ಆರಂಭಿಸುವುದು ಉಚಿತ.

1. ಪ್ರಸಂಗ

ಮೊದಲು ಪರಿಭಾಷೆಯ ಒಂದು ಮಾತು. ಕಂಪ್ಯೂಟರ್ ಬಲ್ಲವರು ಫೈಲಿಗೆ ಕನ್ನಡದಲ್ಲಿ 'ಕಡತ' ಎಂದು ಹೆಸರಿಟ್ಟಿದ್ದಾರೆ. ಇತಿಹಾಸದ ವಿದ್ಯಾರ್ಥಿಗೆ ಕಡತವೆಂದರೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಹಳೆಯ ಲೆಕ್ಕದ ಪುಸ್ತಕ. ಗೊಂದಲವಾಗದಂತೆ ಈ ಲೇಖನದಲ್ಲಿ ಕಡತವೆಂಬ ಶಬ್ದವನ್ನು ಈ ಹಳೆಯ ಅರ್ಥದಲ್ಲಿಯೇ ಬಳಸಿ, ಯಂತ್ರದಲ್ಲಿರುವುದನ್ನು ಫೈಲೆಂದೇ ಕರೆಯುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಕೆಲಸಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ, ಹಳೆಯ ಶಾನುಭೋಗ ಮನೆತನಗಳಲ್ಲಿ ಉಳಿದಿದ್ದ ಕಡತಗಳನ್ನು ಛಾಯಾಚಿತ್ರದಲ್ಲಿ ಸಂಗ್ರಹಿಸುವ ಕಾರ್ಯ ನಡೆದಿತ್ತು. ಚಿತ್ರಗಳು ಸರ್ವರಿನ ಒಂದು ಡಿಸ್ಕಿನಲ್ಲಿದ್ದವು. ಯಾವ ಚಿತ್ರ ಯಾವ ಮನೆತನದ ಯಾವ ಕಟ್ಟಿಗೆ ಸೇರಿದ್ದು, ಮಡಿಕೆಗಳ ಅನುಕ್ರಮವೇನು, ಮನೆಯ ಹಿರಿಯರು ಅದರ ವಿಷಯವಾಗಿ ಏನು ಹೇಳಿದರು ಎಂಬ ವಿವರಗಳನ್ನು ವಿದ್ಯಾರ್ಥಿಗಳು ಬೇರೊಂದು ಡಿಸ್ಕಿನಲ್ಲಿದ್ದ ದತ್ತಕೋಶದಲ್ಲಿ ತುಂಬುತ್ತಿದ್ದರು. ಈ ದತ್ತಕೋಶದ ನಕಲೊಂದು ಪ್ರತಿ ರಾತ್ರಿ 2 ಗಂಟೆ 15 ನಿಮಿಷಕ್ಕೆ ಮೂರನೆಯ ಡಿಸ್ಕಿಗೆ ತಾನಾಗಿಯೇ ಇಳಿಯುವಂತೆ ಏರ್ಪಾಟು ಮಾಡಲಾಗಿತ್ತು.

ಮೊದಲಿನ ಏರ್ಪಾಟಿನಲ್ಲಿ ಒಂದೇ ಹೆಸರಿನ ಫೈಲು ಪ್ರತಿ ರಾತ್ರಿ ಹೊಸದಾಗಿ ಬರೆಯಲ್ಪಡುತ್ತಿತ್ತು. ನಿನ್ನೆಯ ನಕಲು ಇಂದು ಉಳಿಯುತ್ತಿರಲಿಲ್ಲ. ಇದು ಸರಿಯಲ್ಲವೆಂದು ನಾವೇ ಒಂದು ಸುಧಾರಣೆಯನ್ನು ಮಾಡಿದೆವು. ಫೈಲಿನ ಹೆಸರಿನ ಕೊನೆಗೆ ಆಯಾ ದಿನದ ತಾರೀಖು ಸೇರುವಂತೆ ಆಜ್ಞೆಯನ್ನು ತಿದ್ದಿ, ಹಗಲಿನಲ್ಲಿ ಕೈಯಿಂದ ಒಮ್ಮೆ ಓಡಿಸಿ ನೋಡಿದೆವು. ಆ ದಿನದ ತಾರೀಖನ್ನು ಹೊತ್ತ ಫೈಲು ಸರಿಯಾದ ಗಾತ್ರದಲ್ಲಿ ಹುಟ್ಟಿತು. ಅದೇ ಆಜ್ಞೆಯನ್ನು ಅಕ್ಷರಶಃ ವೇಳಾಪಟ್ಟಿಗೆ ಸೇರಿಸಿ ನಿಶ್ಚಿಂತರಾದೆವು. ಮುಂದಿನ ದಿನಗಳಲ್ಲಿ ಒಂದೆರಡು ಸಲ ಆ ಸ್ಥಳವನ್ನು ಇಣಿಕಿ ನೋಡಿದವರಿಗೂ ತಾರೀಖುಳ್ಳ ಫೈಲೊಂದು ಕಣ್ಣಿಗೆ ಬಿದ್ದಿತು, ಅವರೂ ತೃಪ್ತರಾದರು.

ಹನ್ನೊಂದು ವಾರಗಳ ನಂತರ ದತ್ತಕೋಶವಿದ್ದ ಡಿಸ್ಕು ಕೆಟ್ಟಿತು. ನಕಲಿಗಾಗಿ ಹುಡುಕಿದಾಗ ಅಲ್ಲಿದ್ದವು ಎರಡೇ ಫೈಲುಗಳು: ತಾರೀಖಿಲ್ಲದ ಹಳೆಯದೊಂದು, ನಾವು ಸುಧಾರಣೆ ಮಾಡಿದ ದಿನದ್ದೊಂದು. ನಡುವಣ ಹನ್ನೊಂದು ವಾರಗಳಲ್ಲಿ ಒಂದು ರಾತ್ರಿಯೂ ನಕಲು ಆಗಿರಲಿಲ್ಲ.

2. ಕ್ರಾನಿನ ಸ್ವರೂಪ

ಕಾರಣವನ್ನು ತಿಳಿಯಬೇಕಾದರೆ ವ್ಯವಸ್ಥೆಯ ಸ್ವರೂಪವನ್ನು ಅರಿತಿರಬೇಕು. ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರ ಕೈಯಲ್ಲಿ ಆರಂಭವಾಯಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೊರತಂದ ಲಿನಕ್ಸ್ ಅದೇ ಸಂಪ್ರದಾಯವನ್ನು ಅನುಸರಿಸಿದುದು. ಈ ಸಂಪ್ರದಾಯದಲ್ಲಿ ಕಾಲನಿಯತ ಕಾರ್ಯಗಳನ್ನು ನಡೆಸುವ ಹಿನ್ನೆಲೆಯ ಕಾರ್ಯಕ್ರಮಕ್ಕೆ ಕ್ರಾನ್ ಎಂದು ಹೆಸರು. ಗ್ರೀಕ್ ಭಾಷೆಯ ಕಾಲವಾಚಕ ಶಬ್ದದಿಂದ ಬಂದದ್ದು. 1979ರಲ್ಲಿ ಪ್ರಕಟವಾದ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿದ್ದ ಕ್ರಾನ್ ಅತ್ಯಂತ ಸರಳವಾದುದು: ಇಡೀ ಯಂತ್ರಕ್ಕೆ ಒಂದೇ ಪಟ್ಟಿ. 1987ರಲ್ಲಿ ಪಾಲ್ ವಿಕ್ಸಿ ಎಂಬವರು ಬರೆದ ಕ್ರಾನ್ ಬಹಳ ಪ್ರಚಾರಕ್ಕೆ ಬಂದಿತು. ಡೆಬಿಯನ್, ರೆಡ್ ಹ್ಯಾಟ್ ಮೊದಲಾದ ಲಿನಕ್ಸ್ ಪ್ರಭೇದಗಳಲ್ಲಿ ಇಂದು ಕಾಣುವ ಕ್ರಾನ್ ಅದರ ವಂಶಕ್ಕೆ ಸೇರಿದ್ದು.

ಇದರ ನಡೆ ಹೀಗಿದೆ. ಕ್ರಾನ್ ಪ್ರತಿ ನಿಮಿಷಕ್ಕೊಮ್ಮೆ ಎಚ್ಚೆತ್ತು, ಕ್ರಾನ್‌ಟ್ಯಾಬ್ ಎಂಬ ಪಟ್ಟಿಯಲ್ಲಿ ಈ ನಿಮಿಷಕ್ಕೆ ಸಲ್ಲುವ ಸಾಲು ಇದೆಯೇ ಎಂದು ನೋಡುತ್ತದೆ. ಇದ್ದರೆ ಅದರ ಆಜ್ಞೆಯನ್ನು ನಡೆಸುವಂತೆ ಹೇಳಿ ಮತ್ತೆ ನಿದ್ರಿಸುತ್ತದೆ. ಹಿಂದಿನ ಕಾಲದಲ್ಲಿ ಗಳಿಗೆಬಟ್ಟಲಿನ ಮುಂದೆ ಕುಳಿತವನು ಗಳಿಗೆ ತುಂಬಿದಾಗ ಜಾಗಟೆ ಬಾರಿಸುತ್ತಿದ್ದ. ಕೇಳಿದವರು ಎದ್ದರೋ ಇಲ್ಲವೋ ಎಂದು ನೋಡುವುದು ಅವನ ಕೆಲಸವಾಗಿರಲಿಲ್ಲ. ಕ್ರಾನಿನ ಅಧಿಕಾರವೂ ಅಷ್ಟೇ. ಕಾರ್ಯ ಸಫಲವಾಯಿತೇ ಎಂಬುದನ್ನು ಅದು ವಿಚಾರಿಸುವುದಿಲ್ಲ. ವಿಫಲವಾದರೆ ಮತ್ತೆ ಯತ್ನಿಸುವುದಿಲ್ಲ. ಯಂತ್ರವು ಆ ಹೊತ್ತಿನಲ್ಲಿ ಆರಿಹೋಗಿದ್ದರೆ ತಪ್ಪಿದ ಕಾರ್ಯವನ್ನು ಆಮೇಲೆ ನೆನಪಿಟ್ಟು ನಡೆಸುವುದೂ ಇಲ್ಲ. ಹಾಗೆ ನಡೆಸಲು ಅನಾಕ್ರಾನ್ ಎಂಬ ಬೇರೊಂದು ಕಾರ್ಯಕ್ರಮವಿದೆ. 2010ರಿಂದ ಈಚೆಗೆ ಬಂದ ಸಿಸ್ಟಮ್‌ಡಿ ಎಂಬ ವ್ಯವಸ್ಥೆಯ ಟೈಮರುಗಳಲ್ಲಿಯೂ ಅಂಥ ಆಯ್ಕೆಯಿದೆ.

ಪಟ್ಟಿಯ ಒಂದೊಂದು ಸಾಲಿನಲ್ಲಿ ಮೊದಲು ಐದು ಅಂಕಣಗಳು: ನಿಮಿಷ, ಗಂಟೆ, ತಿಂಗಳಿನ ದಿನ, ತಿಂಗಳು, ವಾರ. ಆಮೇಲೆ ಆಜ್ಞೆ. '15 2 * * *' ಎಂದರೆ ಪ್ರತಿ ದಿನ 2 ಗಂಟೆ 15 ನಿಮಿಷ. ನಕ್ಷತ್ರಚಿಹ್ನೆಗೆ 'ಯಾವುದಾದರೂ ಸರಿ' ಎಂದರ್ಥ. ಇಲ್ಲಿಯೇ ಮೊದಲನೆಯ ಬಗೆಯ ತಪ್ಪುಗಳು ಹುಟ್ಟುತ್ತವೆ. '* 2 * * *' ಎಂದು ಬರೆದವರು 2 ಗಂಟೆಗೆ ಒಮ್ಮೆ ಎಂದು ಭಾವಿಸುತ್ತಾರೆ. ನಿಜವಾಗಿ ಅದು 2 ಗಂಟೆಯಿಂದ 2 ಗಂಟೆ 59 ನಿಮಿಷದವರೆಗೆ ಅರವತ್ತು ಸಲ ನಡೆಯುತ್ತದೆ. ತಿಂಗಳಿನ ದಿನ, ವಾರ ಇವೆರಡನ್ನೂ ನಿರ್ದಿಷ್ಟವಾಗಿ ಬರೆದರೆ ಎರಡೂ ಕೂಡಿದ ದಿನವೆಂದು ಅರ್ಥವಾಗುವುದಿಲ್ಲ; ಎರಡರಲ್ಲಿ ಒಂದು ಸಂದರೂ ಸಾಕು. 13 ಮತ್ತು ಶುಕ್ರವಾರವೆಂದು ಬರೆದರೆ ಪ್ರತಿ ತಿಂಗಳ 13ನೆಯ ದಿನವೂ, ಪ್ರತಿ ಶುಕ್ರವಾರವೂ ಕಾರ್ಯ ನಡೆಯುವುದು. ವಾರ, ತಿಥಿ ಎರಡೂ ಹೊಂದಿದರೆ ಮಾತ್ರ ಶಾಸನದ ಕಾಲವನ್ನು ಒಪ್ಪುವ ನಮಗೆ ಈ ನಿಯಮ ತಲೆಕೆಳಗಾಗಿ ತೋರುತ್ತದೆ. ಆದರೆ ನಿಯಮ ಹಾಗಿದೆ.

3. ಪರಿಸರಭೇದ

'ಕೈಯಿಂದ ಓಡಿಸಿದರೆ ನಡೆಯುತ್ತದೆ, ಕ್ರಾನಿನಲ್ಲಿ ನಡೆಯುವುದಿಲ್ಲ' ಎಂಬುದು ಈ ವಿಷಯದಲ್ಲಿ ಎಲ್ಲೆಡೆಯೂ ಕೇಳಿಬರುವ ದೂರು. ಇದಕ್ಕೆ ಮುಖ್ಯ ಕಾರಣ ಪರಿಸರಭೇದ. ಬಳಕೆದಾರನು ತನ್ನ ಹೆಸರು, ಗುಪ್ತಪದ ಕೊಟ್ಟು ಯಂತ್ರವನ್ನು ಪ್ರವೇಶಿಸಿದಾಗ ಅವನಿಗಾಗಿ ಅನೇಕ ಅನುಕೂಲಗಳು ಮೊದಲೇ ಸಿದ್ಧವಾಗಿರುತ್ತವೆ: ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ದಾರಿಗಳ ಪಟ್ಟಿ, ಭಾಷೆ ಮತ್ತು ಲಿಪಿಯ ಆಯ್ಕೆ, ತಾನು ನಿಂತಿರುವ ಸ್ಥಳ, ತನಗೆ ಒಗ್ಗಿದ ಶೆಲ್. ಕ್ರಾನ್ ನಡೆಸುವ ಕಾರ್ಯಕ್ಕೆ ಈ ಸೌಕರ್ಯಗಳಾವುವೂ ದೊರೆಯುವುದಿಲ್ಲ. ವಿಕ್ಸಿಯವರ ಕ್ರಾನಿನಲ್ಲಿ ಆಜ್ಞೆಗಳನ್ನು ಹುಡುಕುವ ದಾರಿಗಳು ಸಾಮಾನ್ಯವಾಗಿ ಎರಡೇ. ಸ್ಥಳೀಯವಾಗಿ ಬೇರೆಡೆ ಸ್ಥಾಪಿಸಿದ ಕಾರ್ಯಕ್ರಮಗಳು ಅದಕ್ಕೆ ಕಾಣುವುದಿಲ್ಲ. ಶೆಲ್ಲೂ ಬೇರೆ. ನಾವು ಬ್ಯಾಶ್ ಎಂಬುದರಲ್ಲಿ ಬರೆದು ನೋಡಿದುದನ್ನು ಡೆಬಿಯನ್ ಯಂತ್ರದ ಕ್ರಾನ್ ಡ್ಯಾಶ್ ಎಂಬ ಹೆಚ್ಚು ಮಿತವಾದ ಶೆಲ್ಲಿನ ಕೈಗೆ ಕೊಡುತ್ತದೆ. ಬ್ಯಾಶಿನ ಕೆಲವು ಪ್ರಯೋಗಗಳು ಡ್ಯಾಶಿಗೆ ಅರ್ಥವಾಗುವುದಿಲ್ಲ.

ಕನ್ನಡದಲ್ಲಿ ಕೆಲಸಮಾಡುವವರು ಇನ್ನೊಂದನ್ನು ಗಮನಿಸತಕ್ಕದ್ದು. ಭಾಷೆ, ಲಿಪಿಗಳ ಆಯ್ಕೆ ಇಲ್ಲದ ಬರಿಯ ಪರಿಸರದಲ್ಲಿ ಕೆಲವು ಕಾರ್ಯಕ್ರಮಗಳು ಯೂನಿಕೋಡ್ ಅಕ್ಷರಗಳನ್ನು ಎದುರಿಸಿದೊಡನೆ ನಿಂತುಹೋಗುತ್ತವೆ, ಇಲ್ಲವೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳನ್ನು ಬರೆಯುತ್ತವೆ. ಹಗಲಿನಲ್ಲಿ ಶುದ್ಧವಾಗಿ ಬಂದ ಪಟ್ಟಿ ರಾತ್ರಿಯಲ್ಲಿ ಹಾಳಾಗಿ ಬರಲು ಇದೊಂದು ಕಾರಣ.

ಇವೆಲ್ಲಕ್ಕೂ ಒಂದು ಸುಲಭ ಪರೀಕ್ಷೆಯಿದೆ. ಪರಿಸರದ ವಿವರಗಳನ್ನು ಮುದ್ರಿಸುವ ಆಜ್ಞೆಯೊಂದನ್ನು ಒಂದು ನಿಮಿಷದ ಮಟ್ಟಿಗೆ ಕ್ರಾನಿನಲ್ಲಿಯೇ ನಡೆಸಿ, ಬಂದುದನ್ನು ಒಂದು ಫೈಲಿಗೆ ಬರೆಸಬೇಕು. ಅದೇ ಆಜ್ಞೆಯನ್ನು ಕೈಯಿಂದಲೂ ನಡೆಸಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಭೇದವು ತಾನಾಗಿ ಹೊರಬೀಳುವುದು. ಎರಡು ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತಿಸಬಲ್ಲ ವಿದ್ಯಾರ್ಥಿಗೆ ಈ ಕೆಲಸ ಹೊಸದಲ್ಲ.

4. ಶೋಧನೆಯ ಕ್ರಮ

ಕಾರ್ಯ ತಪ್ಪಿದುದು ತಿಳಿದೊಡನೆ ಆಜ್ಞೆಯನ್ನು ಹಾಗೆ ಹೀಗೆ ತಿದ್ದಿ ನೋಡುವುದು ಸಾಮಾನ್ಯ ಪ್ರವೃತ್ತಿ. ಇದರಿಂದ ಇದ್ದ ಸಾಕ್ಷ್ಯವೂ ಕೆಡುತ್ತದೆ. ಮೊದಲು ಇದ್ದುದನ್ನು ಇದ್ದಂತೆಯೇ ನಕಲುಮಾಡಿಕೊಂಡು, ಕೆಳಗಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತ ಹೋಗಬೇಕು.

(ಅ) ಕ್ರಾನ್ ಜೀವಂತವಾಗಿದೆಯೇ? ಯಂತ್ರವನ್ನು ಮತ್ತೆ ಚಾಲನೆ ಮಾಡಿದ ನಂತರ ಅದು ಏಳದೆ ಇರಬಹುದು. ಹಿನ್ನೆಲೆಯ ಕಾರ್ಯಕ್ರಮಗಳ ಸ್ಥಿತಿಯನ್ನು ತೋರಿಸುವ ಆಜ್ಞೆಯಿಂದ ಇದು ಕ್ಷಣದಲ್ಲಿ ತಿಳಿಯುತ್ತದೆ.

(ಆ) ಪಟ್ಟಿ ಯಾರದು, ಹೇಗಿದೆ? ಪ್ರತಿಯೊಬ್ಬ ಬಳಕೆದಾರನಿಗೂ ಬೇರೆ ಬೇರೆ ಪಟ್ಟಿಯಿದೆ. ಇಡೀ ಯಂತ್ರಕ್ಕೆ ಸಂಬಂಧಿಸಿದ ಪಟ್ಟಿಗಳು ಪ್ರತ್ಯೇಕ. ಎರಡನೆಯ ಬಗೆಯ ಪಟ್ಟಿಗಳಲ್ಲಿ ಐದು ಅಂಕಣಗಳ ನಂತರ ಬಳಕೆದಾರನ ಹೆಸರಿನ ಆರನೆಯ ಅಂಕಣವಿರಬೇಕು. ಒಂದರ ಸಾಲನ್ನು ಇನ್ನೊಂದಕ್ಕೆ ಹಾಗೆಯೇ ಇಳಿಸಿದರೆ ಹೆಸರನ್ನು ಆಜ್ಞೆಯೆಂದೋ, ಆಜ್ಞೆಯನ್ನು ಹೆಸರೆಂದೋ ಕ್ರಾನ್ ತಪ್ಪು ತಿಳಿಯುತ್ತದೆ. ಕೊನೆಯ ಸಾಲಿನ ನಂತರ ಹೊಸ ಸಾಲಿನ ಗುರುತು ಇಲ್ಲದಿದ್ದರೂ ತೊಂದರೆ. ಡೆಬಿಯನ್ನಿನ ದೈನಂದಿನ ಕಾರ್ಯಗಳ ಕೋಶದಲ್ಲಿ ಹೆಸರಿನ ನಡುವೆ ಚುಕ್ಕಿಯಿರುವ ಫೈಲನ್ನಿಟ್ಟರೆ ಅದನ್ನು ಯಾವ ಸೂಚನೆಯೂ ಇಲ್ಲದೆ ಬಿಟ್ಟುಬಿಡಲಾಗುತ್ತದೆ. ಪಟ್ಟಿಯನ್ನು ನೋಡುವಾಗಲೂ ಎಚ್ಚರ ಬೇಕು: ತಿದ್ದಲು 'ಇ' ಎಂಬ ಅಕ್ಷರವನ್ನೂ, ಇಡೀ ಪಟ್ಟಿಯನ್ನು ಅಳಿಸಲು 'ಆರ್' ಎಂಬ ಅಕ್ಷರವನ್ನೂ ಗೊತ್ತುಮಾಡಿದ್ದಾರೆ, ಇಂಗ್ಲಿಷ್ ಕೀಲಿಮಣೆಯಲ್ಲಿ ಇವೆರಡೂ ಅಕ್ಕಪಕ್ಕದಲ್ಲಿವೆ.

(ಇ) ಆ ವೇಳೆ ಬಂದಿತೇ? ನಮ್ಮ ಗಡಿಯಾರವೂ ಯಂತ್ರದ ಗಡಿಯಾರವೂ ಒಂದೇ ಎಂದು ಭಾವಿಸಲಾಗದು. ಅನೇಕ ಸರ್ವರುಗಳು ಜಾಗತಿಕ ಪ್ರಮಾಣಕಾಲದಲ್ಲಿ ನಡೆಯುತ್ತವೆ. 1906ರಿಂದ ಬಳಕೆಗೆ ಬಂದ ಭಾರತೀಯ ಪ್ರಮಾಣಕಾಲವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಅಂಥ ಯಂತ್ರದಲ್ಲಿ ರಾತ್ರಿ 2 ಗಂಟೆ 15 ನಿಮಿಷಕ್ಕೆಂದು ಇಟ್ಟ ಕಾರ್ಯ ನಮಗೆ ಬೆಳಿಗ್ಗೆ 7 ಗಂಟೆ 45 ನಿಮಿಷಕ್ಕೆ ನಡೆಯುತ್ತದೆ. ಯಂತ್ರದ ಕಾಲಮಾನವನ್ನು ಬದಲಾಯಿಸಿದರೆ ಕ್ರಾನನ್ನೂ ಮತ್ತೆ ಚಾಲನೆ ಮಾಡುವುದು ಕ್ಷೇಮ.

(ಈ) ದಿನಚರಿ ಏನು ಹೇಳುತ್ತದೆ? ಕ್ರಾನ್ ತಾನು ನಡೆಸಿದ ಪ್ರತಿಯೊಂದು ಆಜ್ಞೆಯನ್ನೂ ಯಂತ್ರದ ಲಾಗಿನಲ್ಲಿ, ಅಂದರೆ ದಿನಚರಿಯಲ್ಲಿ, ವೇಳೆಯೊಡನೆ ಬರೆದಿಡುತ್ತದೆ. ಶೋಧನೆಯ ಹಾದಿ ಕವಲೊಡೆಯುವುದು ಇಲ್ಲಿಯೇ. ಗೊತ್ತಾದ ವೇಳೆಗೆ ದಿನಚರಿಯಲ್ಲಿ ಸಾಲು ಇಲ್ಲವಾದರೆ ದೋಷವು ಮೇಲಿನ ಮೂರು ಪ್ರಶ್ನೆಗಳಲ್ಲೊಂದರಲ್ಲಿದೆ. ಸಾಲು ಇದ್ದರೆ ಕ್ರಾನ್ ತನ್ನ ಕೆಲಸವನ್ನು ಮಾಡಿದೆ. ದೋಷವು ಆಜ್ಞೆಯಲ್ಲಿ ಅಥವಾ ಅದರ ಪರಿಸರದಲ್ಲಿದೆ. ಈ ಒಂದು ವಿಭಾಗವನ್ನು ಮೊದಲೇ ಮಾಡಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ. ಆದರೆ ದಿನಚರಿ ಶಾಶ್ವತವಲ್ಲ. ಜಾಗ ತುಂಬದಂತೆ ಯಂತ್ರವು ಹಳೆಯ ದಿನಚರಿಗಳನ್ನು ಕೆಲವು ವಾರಗಳಲ್ಲಿ ತಾನೇ ಅಳಿಸಿಹಾಕುತ್ತದೆ. ತಡವಾಗಿ ಬಂದ ಶೋಧಕನಿಗೆ ಸಾಕ್ಷಿ ಉಳಿದಿರುವುದಿಲ್ಲ.

(ಉ) ಕಾರ್ಯ ಏನು ಹೇಳಿತು? ಆಜ್ಞೆಯೊಂದು ವಿಫಲವಾದಾಗ ಸಾಮಾನ್ಯವಾಗಿ ಕಾರಣವನ್ನು ಹೇಳಿಯೇ ಸಾಯುತ್ತದೆ. ಕ್ರಾನ್ ಆ ಮಾತನ್ನು ಪಟ್ಟಿಯ ಒಡೆಯನಿಗೆ ಯಂತ್ರದೊಳಗಿನ ಅಂಚೆಯ ಮೂಲಕ ಕಳುಹಿಸುತ್ತದೆ. ಈಚಿನ ಸರ್ವರುಗಳಲ್ಲಿ ಹಲವು ವೇಳೆ ಅಂಚೆಯ ಕಾರ್ಯಕ್ರಮವನ್ನೇ ಸ್ಥಾಪಿಸಿರುವುದಿಲ್ಲ. ಆಗ ಆ ಮಾತು ಕಸದ ಪಾಲು. ಆದುದರಿಂದ ಕಾರ್ಯದ ಸಾಮಾನ್ಯ ಮಾತನ್ನೂ ತಪ್ಪಿನ ಮಾತನ್ನೂ ಒಂದು ಫೈಲಿಗೆ ತಿರುಗಿಸಿಡಬೇಕು. ಮೊದಲು ಸಾಮಾನ್ಯ ಮಾತನ್ನು ಫೈಲಿಗೆ ತಿರುಗಿಸಿ, ಆಮೇಲೆ ತಪ್ಪಿನ ಮಾತನ್ನು ಅದರ ಹಿಂದೆ ಕಳುಹಿಸಬೇಕು. ಕ್ರಮ ಹಿಂದುಮುಂದಾದರೆ ತಪ್ಪಿನ ಮಾತು ಫೈಲಿಗೆ ಬಾರದು.

(ಊ) ಫಲ ನಿಜವೇ? ನಡೆದಂತೆ ತೋರುವ ಕಾರ್ಯವೂ ಸುಳ್ಳಾಗಿರಬಹುದು. ದತ್ತಕೋಶವನ್ನು ಹೊರತೆಗೆಯುವ ಕಾರ್ಯಕ್ರಮದ ಬಾಯಿಯನ್ನು ಜಿಜಿಪ್ ಎಂಬ ಅಡಕಮಾಡುವ ಕಾರ್ಯಕ್ರಮಕ್ಕೆ ಜೋಡಿಸುವುದು ವಾಡಿಕೆ. ಇಂಥ ಜೋಡಣೆಯಲ್ಲಿ ಕೊನೆಯ ಕಾರ್ಯಕ್ರಮದ ಫಲವನ್ನೇ ಇಡೀ ಸಾಲಿನ ಫಲವೆಂದು ಶೆಲ್ ಗಣಿಸುತ್ತದೆ. ಮೊದಲನೆಯದು ಗುಪ್ತಪದ ತಪ್ಪಿ ಒಂದಕ್ಷರವನ್ನೂ ಕೊಡದೆ ಸತ್ತರೂ ಜಿಜಿಪ್ ತನಗೆ ಬಂದ ಶೂನ್ಯವನ್ನು ಶ್ರದ್ಧೆಯಿಂದ ಅಡಕಮಾಡಿ, 20 ಬೈಟುಗಳ ಫೈಲೊಂದನ್ನು ಬರೆದು, ಸಫಲವಾಯಿತೆಂದು ವರದಿ ಮಾಡುತ್ತದೆ. ಪ್ರತಿ ರಾತ್ರಿ ಹೊಸ ತಾರೀಖಿನ ಫೈಲು ಹುಟ್ಟುತ್ತಿರುತ್ತದೆ. ಒಳಗೆ ಏನೂ ಇರುವುದಿಲ್ಲ. ಹೆಸರನ್ನಲ್ಲದೆ ಗಾತ್ರವನ್ನೂ ನೋಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

5. ನಮ್ಮ ಪ್ರಸಂಗದ ನಿರ್ಣಯ

ಈಗ ಮೊದಲು ಹೇಳಿದ ಪ್ರಸಂಗಕ್ಕೆ ಬರೋಣ. ಗಣಕವಿಜ್ಞಾನ ವಿಭಾಗದ ಮಿತ್ರರೊಬ್ಬರು ನಮ್ಮೊಡನೆ ಕುಳಿತು ಈ ಕ್ರಮದಲ್ಲಿಯೇ ಶೋಧನೆ ನಡೆಸಿದರು. ಕ್ರಾನ್ ಜೀವಂತವಾಗಿತ್ತು. ಪಟ್ಟಿಯೂ ಸರಿಯಾದ ಬಳಕೆದಾರನದೇ. ಯಂತ್ರವು ಭಾರತೀಯ ಪ್ರಮಾಣಕಾಲದಲ್ಲಿಯೇ ನಡೆಯುತ್ತಿತ್ತು.

ಮಿತ್ರರು ಮೊದಲು ಕೇಳಿದ ಪ್ರಶ್ನೆ ನಮ್ಮನ್ನು ನಾಚಿಸಿತು. ತಾರೀಖುಳ್ಳ ಆ ಒಂದು ಫೈಲು ಎಷ್ಟು ಗಂಟೆಗೆ ಹುಟ್ಟಿದ್ದು? ನೋಡಿದರೆ, ಹಗಲು 11 ಗಂಟೆ 40 ನಿಮಿಷ. ಕ್ರಾನ್ ಅದನ್ನು ಮಾಡಿದ್ದರೆ ರಾತ್ರಿ 2 ಗಂಟೆ 15 ನಿಮಿಷವೆಂದು ಇರಬೇಕಾಗಿತ್ತು. ಅದು ನಾವು ಕೈಯಿಂದ ಓಡಿಸಿ ನೋಡಿದ ಫೈಲು. ಹನ್ನೊಂದು ವಾರ ಕ್ರಾನಿನ ಪರವಾಗಿ ಸಾಕ್ಷಿ ಹೇಳಿದುದು ನಮ್ಮದೇ ಪರೀಕ್ಷೆಯ ಫಲ. ತಾಮ್ರಪಟವೊಂದರ ತಿಥಿ, ವಾರಗಳನ್ನು ಸ್ವಾಮಿಕನ್ನು ಪಿಳ್ಳೆಯವರ ಕೋಷ್ಟಕಗಳಿಗೆ ಹೊಂದಿಸಿ ನೋಡದೆ ಒಪ್ಪಬಾರದೆಂದು ತರಗತಿಯಲ್ಲಿ ಬೋಧಿಸುವ ನಾವು, ಕಣ್ಣೆದುರಿಗಿದ್ದ ಫೈಲಿನ ವೇಳೆಯನ್ನು ನೋಡಿರಲಿಲ್ಲ.

ಮುಂದೆ ದಿನಚರಿಯನ್ನು ತೆರೆದೆವು. ಹಳೆಯವು ಅಳಿಸಿಹೋಗಿದ್ದವು, ಕೊನೆಯ ಕೆಲವು ವಾರಗಳದು ಉಳಿದಿತ್ತು. ಪ್ರತಿ ರಾತ್ರಿ 2 ಗಂಟೆ 15 ನಿಮಿಷಕ್ಕೆ ತಪ್ಪದೆ ಒಂದು ಸಾಲು ಇತ್ತು. ಅಂದರೆ ಕ್ರಾನ್ ಒಂದು ರಾತ್ರಿಯೂ ಮರೆತಿರಲಿಲ್ಲ. ಆದರೆ ಸಾಲಿನಲ್ಲಿ ಬರೆದಿದ್ದ ಆಜ್ಞೆ ಪೂರ್ಣವಾಗಿರಲಿಲ್ಲ. ತಾರೀಖನ್ನು ಕೇಳುವ ಶಬ್ದದ ನಂತರದ ಕೂಡುಚಿಹ್ನೆಯಲ್ಲಿಯೇ ನಿಂತಿತ್ತು. ತ್ರುಟಿತವಾದ ಶಾಸನದ ಮುಂದೆ ನಿಂತಾಗ, ಇದು ಕಲ್ಲಿನ ಒಡಕೋ ಬರೆದವನ ದೋಷವೋ ಎಂದು ಕೇಳುತ್ತೇವೆ. ಇಲ್ಲಿ ಪ್ರತಿ ರಾತ್ರಿಯ ಸಾಲೂ ಅದೇ ಅಕ್ಷರದಲ್ಲಿ ತುಂಡಾಗಿತ್ತು. ಎಲ್ಲ ಪ್ರತಿಗಳಲ್ಲಿಯೂ ಲೋಪ ಒಂದೇ ಸ್ಥಳದಲ್ಲಿದ್ದರೆ ಅದು ಮಾತೃಕೆಯಿಂದ ಬಂದುದೆಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ತುಂಡಾದ ಸ್ಥಳದ ಮುಂದಿನ ಅಕ್ಷರ ಯಾವುದೆಂದು ಪಟ್ಟಿಯಲ್ಲಿ ನೋಡಿದೆವು: ಶೇಕಡಾ ಚಿಹ್ನೆ, %.

ಮರ್ಮ ಇದು. ತಾರೀಖನ್ನು ಬೇಕಾದ ಆಕಾರದಲ್ಲಿ ಪಡೆಯಲು ಯುನಿಕ್ಸಿನಲ್ಲಿ ವರ್ಷ, ತಿಂಗಳು, ದಿನಗಳ ಸಂಕೇತಾಕ್ಷರಗಳ ಹಿಂದೆ ಶೇಕಡಾ ಚಿಹ್ನೆಯನ್ನು ಬರೆಯಬೇಕು. ಶೆಲ್ಲಿಗೆ ಆ ಚಿಹ್ನೆ ಇಲ್ಲಿ ಸಾಮಾನ್ಯ ಅಕ್ಷರ. ಆದುದರಿಂದ ಹಗಲಿನ ಪರೀಕ್ಷೆ ಸಫಲವಾಯಿತು. ಆದರೆ ಕ್ರಾನ್‌ಟ್ಯಾಬಿನಲ್ಲಿ ಅದೇ ಚಿಹ್ನೆಗೆ ವಿಶೇಷಾರ್ಥವಿದೆ: ಮೊದಲನೆಯ ಶೇಕಡಾ ಚಿಹ್ನೆಗೆ ಆಜ್ಞೆ ಮುಗಿಯಿತು, ಮುಂದಿನದು ಆಜ್ಞೆಗೆ ಒಳಗೊಡಬೇಕಾದ ವಿಷಯ. ಹೀಗಾಗಿ ನಮ್ಮ ಆಜ್ಞೆಯ ಆವರಣಚಿಹ್ನೆಯೊಂದು ತೆರೆದು ಮುಚ್ಚದೆ ಉಳಿಯಿತು. ಅರ್ಧ ವಾಕ್ಯವನ್ನು ಕಂಡ ಶೆಲ್ ಒಂದು ಹೆಜ್ಜೆಯನ್ನೂ ಇಡದೆ, ವ್ಯಾಕರಣ ತಪ್ಪಿದೆಯೆಂದು ಹೇಳಿ ಹಿಂದಿರುಗಿತು. ಚಿಹ್ನೆಯ ಹಿಂದೆ ಹಿಮ್ಮುಖದ ಓರೆಗೆರೆಯೊಂದನ್ನು ಎಳೆದಿದ್ದರೆ ಈ ಅನರ್ಥವಾಗುತ್ತಿರಲಿಲ್ಲ.

ಶೆಲ್ ಹೇಳಿದ ಆ ಮಾತು ಎಲ್ಲಿ ಹೋಯಿತು? ಅದಕ್ಕೂ ದಿನಚರಿಯಲ್ಲಿ ಉತ್ತರವಿತ್ತು. ಪ್ರತಿ ರಾತ್ರಿಯ ಸಾಲಿನ ಕೆಳಗೆ ಇನ್ನೊಂದು ಸಾಲು: ಅಂಚೆಯ ಕಾರ್ಯಕ್ರಮ ಸ್ಥಾಪಿತವಾಗಿಲ್ಲ, ಬಂದ ಮಾತನ್ನು ಬಿಸುಡಲಾಗಿದೆ. ಯಂತ್ರವು ತನ್ನ ತೊಂದರೆಯನ್ನು ಪ್ರತಿ ರಾತ್ರಿ ಹೇಳಿತ್ತು. ಕೇಳುವವರನ್ನು ನಾವು ನೇಮಿಸಿರಲಿಲ್ಲ.

6. ಮುಂಜಾಗ್ರತೆ

ಈ ಅನುಭವದಿಂದ ನಾವು ಕೆಲವು ನಿಯಮಗಳನ್ನು ಮಾಡಿಕೊಂಡೆವು. ಕ್ರಾನ್‌ಟ್ಯಾಬಿನಲ್ಲಿ ಉದ್ದವಾದ ಆಜ್ಞೆಯನ್ನು ಬರೆಯಬಾರದು. ಆಜ್ಞೆಗಳನ್ನು ಪ್ರತ್ಯೇಕ ಫೈಲಿನಲ್ಲಿಟ್ಟು, ಪಟ್ಟಿಯಲ್ಲಿ ಅದರ ಪೂರ್ಣವಾದ ದಾರಿಯನ್ನು ಮಾತ್ರ ಬರೆಯಬೇಕು. ಶೇಕಡಾ ಚಿಹ್ನೆಯ ತೊಡಕು ಆಗ ಹುಟ್ಟುವುದೇ ಇಲ್ಲ. ಆ ಫೈಲಿನಲ್ಲಿ ಯಾವ ಶೆಲ್ ಬೇಕೆಂಬುದನ್ನು ಮೊದಲ ಸಾಲಿನಲ್ಲಿಯೂ, ಹುಡುಕುವ ದಾರಿಗಳನ್ನೂ ಭಾಷೆಯ ಆಯ್ಕೆಯನ್ನೂ ಮುಂದಿನ ಸಾಲುಗಳಲ್ಲಿಯೂ ಸ್ಪಷ್ಟವಾಗಿ ಹೇಳಬೇಕು. ಫೈಲನ್ನು ವಿಂಡೋಸ್ ಯಂತ್ರದಲ್ಲಿ ಬರೆದು ತಂದಿದ್ದರೆ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಗುರುತೊಂದು ಉಳಿದು ಮೊದಲ ಸಾಲೇ ಕೆಡುವುದುಂಟು, ಅದನ್ನು ತೆಗೆಯಬೇಕು. ಹಿಂದಿನ ಸಲದ ಕಾರ್ಯ ಮುಗಿಯುವ ಮೊದಲೇ ಮುಂದಿನದು ಆರಂಭವಾಗದಂತೆ ಬೀಗದ ಏರ್ಪಾಟು ಮಾಡಬೇಕು. ಲಿನಕ್ಸಿನಲ್ಲಿ ಎಫ್‌ಲಾಕ್ ಎಂಬ ಕಾರ್ಯಕ್ರಮ ಇದಕ್ಕಾಗಿಯೇ ಇದೆ. ಯಾವ ಬದಲಾವಣೆಯನ್ನು ಮಾಡಿದರೂ ಹಗಲಿನ ಪರೀಕ್ಷೆಯನ್ನು ಸಾಕೆಂದುಕೊಳ್ಳದೆ, ಐದು ನಿಮಿಷ ಮುಂದಿನ ವೇಳೆಯನ್ನು ಪಟ್ಟಿಯಲ್ಲಿ ಬರೆದು ಕ್ರಾನಿನ ಕೈಯಿಂದಲೇ ಒಮ್ಮೆ ನಡೆಸಿ ನೋಡಬೇಕು. ಪರೀಕ್ಷೆಯಲ್ಲಿ ಹುಟ್ಟಿದ ಫೈಲುಗಳನ್ನು ಕೂಡಲೆ ಅಳಿಸಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಮತ್ತೊಂದಿದೆ. ತಪ್ಪಾದಾಗ ಸುದ್ದಿ ಬರುವಂತೆ ಮಾಡಿದರೆ ಸಾಲದು. ಸುದ್ದಿ ತರುವ ಯಂತ್ರವೇ ಬಿದ್ದಿರಬಹುದು. ಆಗ ಮೌನವನ್ನು ಕ್ಷೇಮವೆಂದು ಭಾವಿಸುತ್ತೇವೆ. ಆದುದರಿಂದ ಬೇರೊಂದು ಯಂತ್ರವು ಪ್ರತಿ ಬೆಳಿಗ್ಗೆ ನಕಲುಗಳ ಸ್ಥಳವನ್ನು ನೋಡಿ, ಕಳೆದ 26 ಗಂಟೆಗಳೊಳಗೆ ಹುಟ್ಟಿದ, ನಿಗದಿಯಾದ ಗಾತ್ರಕ್ಕೆ ಕಡಿಮೆಯಿಲ್ಲದ ಫೈಲು ಇಲ್ಲದಿದ್ದರೆ ಕೂಗಬೇಕು. ಇದ್ದರೂ 'ಇದೆ' ಎಂದು ಒಂದು ಸಾಲು ಕಳುಹಿಸಬೇಕು. ಆ ಸಾಲು ಬಾರದ ದಿನ ಯಾರು ವಿಚಾರಿಸಬೇಕೆಂಬುದನ್ನು ಒಬ್ಬರ ಹೆಸರಿಗೆ ಗೊತ್ತುಮಾಡಬೇಕು. ತಿಂಗಳಿಗೊಮ್ಮೆ ಒಂದು ನಕಲನ್ನು ಬೇರೆ ಯಂತ್ರದಲ್ಲಿ ಬಿಚ್ಚಿ, ದತ್ತಕೋಶ ಎದ್ದು ನಿಲ್ಲುತ್ತದೆಯೇ ಎಂದು ನೋಡಬೇಕು. ಬಿಚ್ಚಿ ನೋಡದ ನಕಲನ್ನು ನಕಲೆಂದು ಲೆಕ್ಕಕ್ಕೆ ಹಿಡಿಯುವುದನ್ನು ನಾವು ಬಿಟ್ಟಿದ್ದೇವೆ.

ಕೊನೆಯದಾಗಿ, ನಷ್ಟದ ಲೆಕ್ಕ. ಹನ್ನೊಂದು ವಾರಗಳ ವಿವರಗಳಲ್ಲಿ ಬಹುಭಾಗವನ್ನು ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕಗಳಿಂದ ಮತ್ತೆ ತುಂಬಲಾಯಿತು. ಒಂದು ಮನೆತನದ ಕಡತಗಳ ವಿವರ ಮಾತ್ರ ನೇರವಾಗಿ ಯಂತ್ರಕ್ಕೆ ತುಂಬಿದುದಾಗಿತ್ತು. ಅದಕ್ಕೆ ಟಿಪ್ಪಣಿ ಇರಲಿಲ್ಲ. ಮತ್ತೆ ಆ ಊರಿಗೆ ಹೋದಾಗ ಹಳೆಯ ಮನೆ ಮಾರಾಟವಾಗಿತ್ತು, ಕಡತಗಳು ಪಾಲಾಗಿ ಹೋಗಿದ್ದವು, ವಿವರ ಹೇಳಿದ್ದ ಹಿರಿಯರು ತೀರಿಕೊಂಡಿದ್ದರು. ಆ ಮನೆಯ ಕಡತಗಳ ಚಿತ್ರಗಳು ಸ್ಪಷ್ಟವಾಗಿ ಉಳಿದಿವೆ. ಲೆಕ್ಕದ ಅಂಕಿಗಳನ್ನು ಓದಬಹುದು. ಯಾವ ಗ್ರಾಮದ, ಯಾರ ಕಾಲದ ಲೆಕ್ಕವೆಂದು ಹೇಳಲು ಆಧಾರವಿಲ್ಲ. ಆಕರದ ಮೂಲ ತಿಳಿಯದ ಚಿತ್ರದಿಂದ ಇತಿಹಾಸವನ್ನು ಬರೆಯಲಾಗದು.

ತಮ್ಮ ಕಾಲೇಜಿನ ಗ್ರಂಥಸೂಚಿ, ವಿದ್ಯಾರ್ಥಿಗಳ ಅಂಕಪಟ್ಟಿ, ಸಂಶೋಧನೆಯ ಸಾಮಗ್ರಿಗಳು ಇಂಥ ರಾತ್ರಿಯ ಏರ್ಪಾಟೊಂದನ್ನು ನಂಬಿ ಕುಳಿತಿರುವ ಅಧ್ಯಾಪಕ ಮಿತ್ರರು ಅನೇಕರಿರಬಹುದು. ಅವರು ಒಮ್ಮೆ ಆ ಸ್ಥಳವನ್ನು ತೆರೆದು, ಕೊನೆಯ ಫೈಲಿನ ತಾರೀಖು, ವೇಳೆ, ಗಾತ್ರ ಈ ಮೂರನ್ನೂ ನೋಡಿ, ಅದನ್ನು ಬಿಚ್ಚಿ ಪರೀಕ್ಷಿಸಿದರೆ ಈ ಲೇಖನವನ್ನು ಬರೆದ ಶ್ರಮ ಸಾರ್ಥಕವೆಂದು ಭಾವಿಸುತ್ತೇವೆ.